ಕೆಮ್ಮು ನಿಲ್ಲದಿದ್ದರೆ ತಪಾಸಣೆ ನಿಲ್ಲದಿರಲಿ

ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರೇ,

ಕೃಷ್ಣಾ ತೀರದ ಹಿಪ್ಪರಗಿ ಭಾಗವು ಕಬ್ಬಿನ ನಾಡು. ಹೊಲದಲ್ಲಿ ಸುಡುವ ರವದಿಯ ಹೊಗೆ, ಕಟ್ಟಿಗೆ ಒಲೆಯ ಹೊಗೆ, ಬೀಡಿ-ಸಿಗರೇಟಿನ ಹೊಗೆ ಇವೆಲ್ಲವೂ ಶ್ವಾಸಕೋಶಕ್ಕೆ ಹಾನಿಕರ. ಶ್ವಾಸಕೋಶ ಕ್ಯಾನ್ಸರಿಗೆ ಧೂಮಪಾನವೇ ಅತಿ ದೊಡ್ಡ ಕಾರಣ. ಸೇದುವವರ ಮನೆಮಂದಿಗೂ ಅಪಾಯ ತಪ್ಪಿದ್ದಲ್ಲ.

ಬಿಡದ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ತೂಕ ಇಳಿಕೆ ಈ ರೋಗದ ಲಕ್ಷಣಗಳು. ಕ್ಷಯದ ಲಕ್ಷಣಗಳೂ ಇವೇ ಆಗಿರುವುದರಿಂದ ಕ್ಯಾನ್ಸರ್ ಮರೆಯಲ್ಲಿ ಉಳಿಯುವುದುಂಟು. ಎರಡು ವಾರ ಮೀರಿದ ಕೆಮ್ಮಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಆಗಲೇಬೇಕು. ಕ್ಷಯವಿಲ್ಲವೆಂದು ವರದಿ ಬಂದರೂ, ಕ್ಷಯದ ಔಷಧ ಪಡೆದರೂ ಕೆಮ್ಮು ನಿಲ್ಲದಿದ್ದರೆ ಸುಮ್ಮನಾಗಬಾರದು. ಎದೆಯ ಎಕ್ಸ್‌ರೇ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು. ವಿಳಂಬವಾದಷ್ಟೂ ಶಸ್ತ್ರಚಿಕಿತ್ಸೆಯ ಅವಕಾಶ ಕೈತಪ್ಪುತ್ತದೆ.

ಸದಸ್ಯರು ತಮ್ಮ ವಾರ್ಡಿನಲ್ಲಿ ಬಹುದಿನದಿಂದ ಕೆಮ್ಮುತ್ತಿರುವವರನ್ನು ಆಶಾ ಕಾರ್ಯಕರ್ತೆಯರೊಡನೆ ಗುರುತಿಸಿ ತಪಾಸಣೆಗೆ ಕಳುಹಿಸಬೇಕು. 2003ರ ತಂಬಾಕು ನಿಯಂತ್ರಣ ಕಾಯ್ದೆಯಂತೆ ಶಾಲೆಗಳ ಸುತ್ತ ತಂಬಾಕು ಮಾರಾಟವನ್ನೂ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ ತಡೆಯಬೇಕು. ರವದಿಯನ್ನು ಸುಡದೆ ಹೊಲಕ್ಕೇ ಹೊದಿಕೆಯಾಗಿಸುವಂತೆ ಗ್ರಾಮಸಭೆಯಲ್ಲಿ ರೈತರಿಗೆ ತಿಳಿಹೇಳಬೇಕು. ಯಾವ ವಯಸ್ಸಿನಲ್ಲಿ ಬೀಡಿ ಬಿಟ್ಟರೂ ಲಾಭವುಂಟು. ಬಿಡಲು ನೆರವು ಬೇಕಾದವರಿಗೆ 1800-11-2356 ಉಚಿತ ದೂರವಾಣಿಯನ್ನು ತಿಳಿಸುವುದು.