ಸರೋವರದ ಕನ್ನಡಿಯಲ್ಲಿ ಗಿರಿಶಿಖರ



‘ಕನ್ನಡಿಯೊಳಗಿನ ಗಂಟು’ ಎಂದು ನಮ್ಮಲ್ಲೊಂದು ನಾಣ್ಣುಡಿಯುಂಟು. ಕಣ್ಣಿಗೆ ಕಾಣುವುದು, ಕೈಗೆ ದಕ್ಕದು ಎಂದು ಅದರ ತಾತ್ಪರ್ಯ. ನೀರಿನಲ್ಲಿ ಮೂಡಿದ ಬೆಟ್ಟದ ಬಿಂಬವೂ ಅಂತಹುದೇ. ಎಳೆಗಾಳಿ ಬೀಸಿದರೂ ಸಾಕು, ಒಡೆದುಹೋಗುವುದು. ಆ ಗಂಟನ್ನು ಕೈಗೆ ತಂದುಕೊಡುವ ವಿದ್ಯೆಯೇ ಛಾಯಾಗ್ರಹಣ. ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸನ ಕೆಲಸವು ಇದಕ್ಕೊಂದು ನಿದರ್ಶನ.

ವಾಟ್ಕಿನ್ಸನು 1861ರಲ್ಲಿ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯ ಚಿತ್ರಗಳನ್ನು ತೆಗೆದನು. ಅಲ್ಲಿ ಸೀಳಿದ ಗುಮ್ಮಟದಂತೆ ನಿಂತ ‘ಹಾಫ್ ಡೋಮ್’ ಎಂಬ ಹೆಬ್ಬಂಡೆಯ ಬುಡದಲ್ಲಿ ‘ಮಿರರ್ ಲೇಕ್’, ಎಂದರೆ ಕನ್ನಡಿ ಕೊಳವಿದೆ. ಚಿಕ್ಕ ಚಿತ್ರವನ್ನು ಹಿಗ್ಗಿಸುವ ಅನುಕೂಲ ಆಗ ಇರಲಿಲ್ಲವಾದ್ದರಿಂದ, ಚಿತ್ರವೆಷ್ಟು ದೊಡ್ಡದೋ ಗಾಜಿನ ಫಲಕವೂ ಅಷ್ಟೇ ದೊಡ್ಡದಾಗಬೇಕಾಗಿತ್ತು. ಅವನ ಫಲಕಗಳು ಸುಮಾರು 18 ಅಂಗುಲಕ್ಕೆ 22 ಅಂಗುಲ. ಗಾಜಿಗೆ ಕೊಲೋಡಿಯನ್ ಬಳಿದು, ಬೆಳ್ಳಿಯ ಲವಣದ ದ್ರವದಲ್ಲಿ ಅದ್ದಿ, ಹಸಿ ಆರುವುದರೊಳಗೆ ಬೆಳಕಿಗೊಡ್ಡಿ, ಒಡನೆಯೇ ಗುಡಾರದ ಕತ್ತಲಲ್ಲಿ ಸಂಸ್ಕರಿಸಬೇಕು. ಬೆಳಕಿಗೊಡ್ಡಿದಷ್ಟು ಹೊತ್ತೂ ನೀರು ಅಲುಗಬಾರದು. ಬಿಸಿಲೇರಿ ಇಳಿಜಾರು ಕಾದರೆ ಕಣಿವೆಯಲ್ಲಿ ಗಾಳಿ ಏಳುವುದು. ಆದುದರಿಂದ ಬೆಳಗಿನ ಜಾವವೇ ಬಿಂಬಕ್ಕೆ ಪ್ರಶಸ್ತ ಕಾಲ.

ಇಂದಿನ ಹವ್ಯಾಸಿಗೆ ಇಷ್ಟು ಶ್ರಮವಿಲ್ಲ. ಆದರೆ ನೀರಿನ ನಿಯಮಗಳು ಬದಲಾಗಿಲ್ಲ. ಬಿಂಬವು ಬೆಟ್ಟಕ್ಕಿಂತ ಯಾವಾಗಲೂ ಮಂಕು, ಏಕೆಂದರೆ ಬೆಳಕಿನ ಒಂದು ಪಾಲನ್ನು ನೀರು ಒಳಗೆಳೆದುಕೊಳ್ಳುವುದು. ಬಿಂಬಕ್ಕೆ ನೀರಿನ ಮೇಲ್ಮೈಯ ದೂರವನ್ನು ಹಿಡಿದು ಮಸೂರವನ್ನು ಹೊಂದಿಸಿದರೆ ಶಿಖರವು ಮಸುಕಾಗುವುದು. ನೀರಿನವರೆಗಿನ ದೂರಕ್ಕೆ ಅಲ್ಲಿಂದ ಶಿಖರದವರೆಗಿನ ದೂರವನ್ನೂ ಕೂಡಿಸಿದಷ್ಟು ದೂರದಲ್ಲಿ ಅದು ಇರುವುದೆಂದು ತಿಳಿಯಬೇಕು. ಬಿಂಬವು ಬೆಟ್ಟದ ತದ್ವತ್ ಪ್ರತಿಯೂ ಅಲ್ಲ. ನೀರು ಬೆಟ್ಟವನ್ನು ನಮ್ಮ ಕಣ್ಣಿಗಿಂತ ಕೆಳಗಿನಿಂದ ನೋಡುತ್ತದೆ. ಆದ್ದರಿಂದ ದಡದ ಮರವೊಂದು ಬಿಂಬದಲ್ಲಿ ಶಿಖರವನ್ನು ಹೆಚ್ಚಾಗಿ ಮರೆಮಾಡಬಹುದು. ಕ್ಯಾಮರಾವನ್ನು ನೀರಿಗೆ ಸಮೀಪವಾಗಿ ತಗ್ಗಿಸಿದಷ್ಟೂ ಈ ಭೇದ ಕಡಿಮೆಯಾಗುವುದು.

ಇಷ್ಟು ಕಷ್ಟಪಟ್ಟು ತೆಗೆದ ಚಿತ್ರದಿಂದ ಪ್ರಯೋಜನವೇನು? 1864ರಲ್ಲಿ ಅಧ್ಯಕ್ಷ ಲಿಂಕನ್ನನು ಯೊಸೆಮಿಟಿ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಯ್ದಿಡುವ ಶಾಸನಕ್ಕೆ ಅಂಕಿತ ಹಾಕಿದನು. ವಾಟ್ಕಿನ್ಸನ ಚಿತ್ರಗಳೂ ಇದಕ್ಕೆ ಒತ್ತಾಸೆಯಾದುವೆಂದು ಚರಿತ್ರಕಾರರು ಹೇಳುವರು. ಆದರೆ ಆ ನಿರ್ಜನ ಸೌಂದರ್ಯವನ್ನು ಮೆಚ್ಚುವಾಗ ಒಂದು ಮಾತನ್ನು ಮರೆಯಲಾಗದು. ಅಲ್ಲಿನ ಮೂಲನಿವಾಸಿಗಳ ಮೇಲೆ 1851ರಲ್ಲಿ ಸಶಸ್ತ್ರ ದಳವೊಂದು ನುಗ್ಗಿ ಅವರ ಊರುಗಳನ್ನು ಸುಟ್ಟಿತ್ತು. ಕಣಿವೆ ಬರಿದಾಗಿ ಕಂಡುದು ಪ್ರಕೃತಿಯ ಕೆಲಸವಷ್ಟೇ ಅಲ್ಲ. ಕನ್ನಡಿಯು ಎದುರಿಗಿದ್ದುದನ್ನು ತೋರಿಸೀತು. ಎದುರಿನಿಂದ ಅಟ್ಟಲ್ಪಟ್ಟವರನ್ನು ತೋರಿಸಲಾರದು.

ಆ ಕೊಳವೂ ಈಗ ಕರಗುತ್ತಿದೆ. ತೊರೆಯು ತರುವ ಮರಳು ಅದನ್ನು ತುಂಬುತ್ತಿದೆ. ಬಹಳ ವರ್ಷ ಅದನ್ನು ತೋಡಿ ತೆಗೆಯುತ್ತಿದ್ದರು. 1971ರಲ್ಲಿ ಅದನ್ನು ನಿಲ್ಲಿಸಿ ಪ್ರಕೃತಿಗೇ ಬಿಟ್ಟರು. ಇಂದು ಬೇಸಗೆಯ ಕೊನೆಗೆ ಅಲ್ಲಿ ಕಾಣುವುದು ಹೆಚ್ಚಾಗಿ ಮರಳು, ಹುಲ್ಲು. ವಾಟ್ಕಿನ್ಸನ ಬಳಿಯಿದ್ದ ಗಾಜಿನ ಫಲಕಗಳು 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ನಾಶವಾದುವು. ಉಳಿದುದು ಪರರ ಕೈ ಸೇರಿದ್ದ ಕಾಗದದ ಪ್ರತಿಗಳು.

ಆದುದರಿಂದ ಗಿರಿಯನ್ನೂ ಸರಸ್ಸನ್ನೂ ಚಿತ್ರಿಸುವವರು ಚಿತ್ರದ ಬೆನ್ನಿಗೆ ಸ್ಥಳವನ್ನೂ ದಿನವನ್ನೂ ಬರೆದಿಡಲಿ; ದಡದಲ್ಲಿ ಬಾಳುವವರು ಯಾರೆಂಬುದನ್ನೂ ಬರೆದಿಡಲಿ; ಒಂದು ಪ್ರತಿಯನ್ನು ಇನ್ನೊಬ್ಬರಿಗೆ ಕೊಡಲಿ. ಕನ್ನಡಿಯೊಳಗಿನ ಗಂಟು ಕೈಗೆ ಬಂದರೆ ಸಾಲದು. ಕೈಯಿಂದ ಕೈಗೆ ದಾಟಿದರೇ ಅದು ಉಳಿಯುವುದು.