ಕೂಡಿಟ್ಟ ಕಾಸು ಜಾಮೀನಾದ ಕಥೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಿರಿಯರನ್ನು ಸ್ಮರಿಸುವುದು ನಮ್ಮ ಕರ್ತವ್ಯ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರಿಗೆ ಮೊದಲು ನಮಸ್ಕಾರ ಸಲ್ಲಿಸಿ, ದೂರದ ಅಮೆರಿಕದ ಒಬ್ಬ ಹಿರಿಯರ ಬಗ್ಗೆ ನಾವು ನಾಲ್ಕು ಮಾತು ಹೇಳುತ್ತೇವೆ. ಅವರ ಹೆಸರು ಆರ್ಥರ್ ಜಾರ್ಜ್ ಗ್ಯಾಸ್ಟನ್. ಮಾಜಿ ಸೈನಿಕರು, ವ್ಯಾಪಾರಸ್ಥರು, ಆಫ್ರಿಕಾ ಮೂಲದ ಕಪ್ಪು ಜನಾಂಗದವರು. 'ಅವರಿಗೂ ನಮ್ಮೂರಿಗೂ ಏನಪ್ಪಾ ಸಂಬಂಧ?' ಅಂತ ನೀವು ಕೇಳಬಹುದು. ಅವರು ಬೆಳೆದದ್ದು ಬಡವರ ಚಂದಾ ಹಣ ಕೂಡಿಸಿದ ಒಂದು ಸಂಘದಿಂದ. ಅದೇ ಸಂಬಂಧ.

ಗ್ಯಾಸ್ಟನ್ ಹುಟ್ಟಿದ್ದು 1892ರಲ್ಲಿ, ಅಲಬಾಮ ರಾಜ್ಯದ ಡೆಮೊಪೊಲಿಸ್‌ನಲ್ಲಿ. ಅಜ್ಜ ಅಜ್ಜಿ ಗುಲಾಮಗಿರಿ ಕಂಡವರು. ಹುಡುಗನಾಗಿದ್ದಾಗ ಅಂಗಳದ ಉಯ್ಯಾಲೆ ಆಡಲು ಬಂದ ಮಕ್ಕಳಿಂದ ಅಂಗಿ ಗುಂಡಿ, ಪಿನ್ನು ವಸೂಲಿ ಮಾಡುತ್ತಿದ್ದರಂತೆ! ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಸೈನ್ಯದಲ್ಲಿ ದುಡಿದರು. ದೇಶಕ್ಕಾಗಿ ದುಡಿದು ಬಂದರೂ ಊರಿನಲ್ಲಿ ಬಿಳಿಯರಿಗೆ ಒಂದು ಬಾಗಿಲು, ಇವರಿಗೆ ಇನ್ನೊಂದು. ನೀರು ಕುಡಿಯುವ ನಲ್ಲಿಯೂ ಬೇರೆ. ಈ ಮಾತು ನಮ್ಮ ನಾಡಿನ ಹಳ್ಳಿಗಳಿಗೆ ಹೊಸದೇನಲ್ಲ.

ಬರ್ಮಿಂಗ್‌ಹ್ಯಾಮ್ ನಗರದ ಹತ್ತಿರ ಗಣಿ ಕೂಲಿಗೆ ಸೇರಿದರು. ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಜೊತೆಯವರಿಗೆ ಮಾರಿದರು. ಕೈಗಡ ಕೊಟ್ಟು ಡಾಲರಿಗೆ ಕಾಲು ಡಾಲರ್ ಬಡ್ಡಿ ತೆಗೆದುಕೊಂಡರು. ಅದೇನು ಸಣ್ಣ ಬಡ್ಡಿಯಲ್ಲ, ಮುಚ್ಚಿಡುವುದು ಬೇಡ. ಆದರೆ ಅಲ್ಲಿ ಅವರು ಇನ್ನೊಂದು ಸಂಗತಿ ಕಂಡರು. ಕೂಲಿಯವರ ಮನೆಯಲ್ಲಿ ಸಾವಾದರೆ ಮಣ್ಣು ಮಾಡುವುದಕ್ಕೂ ಕಾಸಿಲ್ಲ. ಕಂಡಕಂಡವರ ಮುಂದೆ ಕೈ ಚಾಚಬೇಕು. ಬದುಕಿರುವಾಗಲೇ ಎಲ್ಲರೂ ಸ್ವಲ್ಪ ಸ್ವಲ್ಪ ಕೂಡಿಟ್ಟರೆ? 1923ರಲ್ಲಿ ಸಾವಿನ ಖರ್ಚಿನ ಸಂಘ ಶುರುವಾಯಿತು. ಅದಕ್ಕೆ ಬುಕರ್ ಟಿ. ವಾಷಿಂಗ್ಟನ್ ಅವರ ಹೆಸರಿಟ್ಟರು. ಮುಂದೆ ಅದೇ ವಿಮಾ ಕಂಪನಿಯಾಯಿತು. ಬಿಳಿಯರ ಬ್ಯಾಂಕುಗಳಲ್ಲಿ ಕಪ್ಪು ಜನರಿಗೆ ಮನೆ ಸಾಲ ಹುಟ್ಟುವುದು ಕಷ್ಟವಾಗಿದ್ದ ಕಾಲದಲ್ಲಿ, 1957ರಲ್ಲಿ, ತಮ್ಮ ಜನರಿಗೇ ಒಂದು ಉಳಿತಾಯ ಮತ್ತು ಸಾಲ ಸಂಸ್ಥೆ ತೆರೆದರು.

ಕೂಡಿಟ್ಟ ಕಾಸಿನ ಬಲ ಎಂಥದ್ದು ಅನ್ನೋದು 1963ರಲ್ಲಿ ಗೊತ್ತಾಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರು ಬರ್ಮಿಂಗ್‌ಹ್ಯಾಮಿನಲ್ಲಿ ಸತ್ಯಾಗ್ರಹ ಹೂಡಿದಾಗ ಉಳಿದುಕೊಂಡದ್ದು ಗ್ಯಾಸ್ಟನ್ ಅವರ ವಸತಿಗೃಹದಲ್ಲಿ. ಬೀದಿ ಹೋರಾಟಕ್ಕಿಂತ ಮಾತುಕತೆಯೇ ಮೇಲು ಎಂದು ನಂಬಿದ್ದ ಗ್ಯಾಸ್ಟನ್ ಅವರನ್ನು ಆಡಿಕೊಂಡವರೂ ಉಂಟು. ಆದರೂ ಕಿಂಗ್ ಜೈಲು ಸೇರಿದಾಗ ಜಾಮೀನು ಹಣ ಕಟ್ಟಿದರು. ಅದೇ ಮೇ ತಿಂಗಳಲ್ಲಿ ವಸತಿಗೃಹಕ್ಕೆ ಬಾಂಬು ಬಿತ್ತು. ಅವರು ಊರು ಬಿಡಲಿಲ್ಲ, ಬಾಗಿಲೂ ಮುಚ್ಚಲಿಲ್ಲ.

1987ರಲ್ಲಿ ತಮ್ಮ ವಿಮಾ ಕಂಪನಿಯನ್ನು ಅಲ್ಲಿ ದುಡಿಯುತ್ತಿದ್ದ ನೌಕರರಿಗೇ ಮಾರಿದರು. 1996ರ ಜನವರಿಯಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವಸತಿಗೃಹ 2017ರಲ್ಲಿ ರಾಷ್ಟ್ರೀಯ ಸ್ಮಾರಕಕ್ಕೆ ಸೇರಿತು.

ಬಂಧುಗಳೇ, ಗ್ಯಾಸ್ಟನ್ ನಡೆಸಿದ್ದು ಸ್ವಂತ ವ್ಯಾಪಾರ. ನಮ್ಮದು ಎಲ್ಲರ ಸಂಘ. ಲಾಭವಾದರೂ ನಷ್ಟವಾದರೂ ನಮ್ಮೆಲ್ಲರದ್ದು. ಹಾಗಾಗಿ ನಮ್ಮ ಜವಾಬ್ದಾರಿ ದೊಡ್ಡದು. ಜಾಮೀನು ಸಹಿ ಅಂದರೆ ಬರೀ ಕಾಗದದ ಮೇಲಿನ ಗೀಟಲ್ಲ; ನಂಬಿದವನ ಬೆನ್ನಿಗೆ ನಾವಿದ್ದೇವೆ ಅನ್ನೋ ಮಾತು. ಒಬ್ಬರು ಸುಸ್ತಿ ಬಿದ್ದರೆ ಇನ್ನೊಬ್ಬರ ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಸಾಲ ಸಿಗದೆ ಅವರು ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಕಂತು ಹೊತ್ತಿಗೆ ಕಟ್ಟೋಣ. ಯಾವ ಬೀದಿಯವರು, ಯಾವ ಕೇರಿಯವರು ಎಂದು ನೋಡದೆ ಎಲ್ಲರನ್ನೂ ಷೇರುದಾರರನ್ನಾಗಿ ಮಾಡಿಕೊಳ್ಳೋಣ. ಹನಿ ಹನಿ ಕೂಡಿದರೆ ಹಳ್ಳ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

 ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.