ಆಗಾಗ ಮುನಿಯುವ ಕಾರು



ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದರೆ ಈ ಅನುಭವ ನಿಮಗೂ ಆಗಿರಬಹುದು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹೊರಡುತ್ತದೆ. ಮಧ್ಯಾಹ್ನ ಅದೇ ಕೀಲಿಗೆ ಅದೇ ಗಾಡಿ ಓಗೊಡುವುದಿಲ್ಲ. ಮೆಕ್ಯಾನಿಕ್ ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಹೀಗೆ ಬಂದು ಹೋಗುವ ದೋಷವನ್ನು ಹಿಡಿಯುವುದು ಹೇಗೆ? ನಾನು ಎಡವಿ ಕಲಿತ ಒಂದು ಪ್ರಸಂಗದ ಮೂಲಕವೇ ಇದನ್ನು ನೋಡೋಣ.

ಆಗ ನಾವು ಹರಿಹರದಲ್ಲಿದ್ದೆವು. ನನ್ನ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ದಿನ ದಾವಣಗೆರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಿತ್ತು. ಒಮ್ಮೆಗೆ ನಾಲ್ಕು ಗಂಟೆಯ ಚಿಕಿತ್ಸೆ. ಮುಗಿಯುವಷ್ಟರಲ್ಲಿ ಅವರು ಬಸವಳಿದಿರುತ್ತಿದ್ದರು. ಒಂದು ಏಪ್ರಿಲ್ ಮಧ್ಯಾಹ್ನ, ಊರಿಗೆ ಮರಳಿ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಔಷಧಿ ಕೊಂಡು ಬಂದು ಕೀಲಿ ತಿರುಗಿಸಿದರೆ ಎಂಜಿನ್ನಿನ ಸದ್ದೇ ಇಲ್ಲ. ಅಮ್ಮ ಆ ಬಿಸಿಲಿನಲ್ಲಿ, ಕಾದ ಕಾರಿನೊಳಗೆ ಅರ್ಧ ಗಂಟೆ ಕುಳಿತಿದ್ದರು. ಆಮೇಲೆ ಅದು ತಾನಾಗಿಯೇ ಹೊರಟಿತು.

ಇದು ನಾಲ್ಕಾರು ಸಲ ಮರುಕಳಿಸಿತು. ಮೇ ತಿಂಗಳ ಕೊನೆಗೆ ನಾನು ಹೊಸ ಬ್ಯಾಟರಿ ಹಾಕಿಸಿದೆ. ಜೂನ್‌ನಿಂದ ಫೆಬ್ರವರಿಯವರೆಗೆ ಕಾರು ಒಮ್ಮೆಯೂ ತಕರಾರು ಮಾಡಲಿಲ್ಲ. ‘ಬ್ಯಾಟರಿಯದೇ ದೋಷ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮಾರ್ಚ್ ಬಂತು, ದೋಷವೂ ಬಂತು. ಈ ಬಾರಿ ಕೀಲಿಯ ಸ್ವಿಚ್ಚನ್ನು ಬದಲಿಸಿದೆ. ಎರಡು ದಿನ ಸರಿಯಿತ್ತು, ಮೂರನೆಯ ದಿನ ಮತ್ತೆ ಅದೇ ಕಥೆ.

ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದರೆ ನಮ್ಮ ಹಿರಿಯರು ಅದನ್ನು ಕಾಕತಾಳೀಯ ಎಂದರು. ಬ್ಯಾಟರಿ ಬದಲಿಸಿದ್ದು ಕಾಗೆ. ಅದರ ಹಿಂದೆಯೇ ಬಂದ ಮಳೆಗಾಲ ನನ್ನ ಕಣ್ಣಿಗೆ ಬೀಳಲಿಲ್ಲ. ತರಗತಿಯಲ್ಲಿ ವರ್ಷ ವರ್ಷವೂ ಓಮ್‌ನ ನಿಯಮ ಪಾಠ ಹೇಳುತ್ತಿದ್ದ ನಾನು, ಒಂದನ್ನೂ ಅಳೆಯದೆ ಎರಡು ಭಾಗಗಳಿಗೆ ಹಣ ಸುರಿದಿದ್ದೆ!

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. “ಯಾವಾಗ ಹಿಂಗಾಗುತ್ತೆ ಮೇಷ್ಟ್ರೇ?” ಎಂದರು. “ಆಗಾಗ” ಎಂದೆ. “ಆಗಾಗ ಅಂದ್ರೆ ನಾನೇನು ಹುಡುಕಲಿ? ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ದೂರ ಓಡಿಸಿದ್ರಿ, ಎಷ್ಟು ಹೊತ್ತು ನಿಲ್ಲಿಸಿದ್ರಿ, ಲೈಟು ಹೆಂಗಿತ್ತು, ಸದ್ದು ಏನು ಬಂತು. ಸರಿಯಾಗಿ ಹೊರಟ ದಿನದ್ದೂ ಬರೀರಿ.”

ಈ ಕೊನೆಯ ಮಾತನ್ನು ಗಮನಿಸಿ. ಕೆಟ್ಟ ದಿನಗಳನ್ನಷ್ಟೇ ಬರೆದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಮೂರು ವಾರ ಬರೆದೆ. ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತೇ ನನಗಿಂತ ಮೊದಲು ಗುರುತಿಸಿದರು: “ಔಷಧಿ ಅಂಗಡಿ ಹತ್ರ ನಿಂತ ದಿನಾನೇ ಕಣೋ ಇದು ಹಟ ಮಾಡೋದು.” ಪುಸ್ತಕ ತೆರೆದು ನೋಡಿದರೆ ನಿಜ. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆಯೂ ಇಲ್ಲ. ಆಸ್ಪತ್ರೆಯ ಮುಂದೆ ನಾಲ್ಕು ಗಂಟೆ ನಿಂತ ಮೇಲೂ ಇಲ್ಲ. ಬಿಸಿ ಎಂಜಿನ್ನನ್ನು ನಿಲ್ಲಿಸಿ ಹತ್ತರಿಂದ ಮೂವತ್ತು ನಿಮಿಷದೊಳಗೆ ಮತ್ತೆ ಹೊರಡಿಸಿದಾಗ ಮಾತ್ರ ದೋಷ.

ಈಗ ಎಂಜಿನ್ ಹೊರಡುವ ಬಗೆಯನ್ನು ಸ್ವಲ್ಪ ತಿಳಿಯೋಣ. ಮೊದಮೊದಲು ಕಾರುಗಳನ್ನು ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈಮೂಳೆ ಮುರಿದವರುಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಸಣ್ಣ ಮೋಟಾರಾದರೂ ಕೆಲವೇ ಸೆಕೆಂಡು ಭಾರೀ ಹೊರೆ ಹೊರಬಲ್ಲದು ಎಂಬುದೇ ಅದರ ಹಿಂದಿನ ಯುಕ್ತಿ. ನಮ್ಮ ಗ್ಯಾರೇಜುಗಳಲ್ಲಿ ಇದನ್ನೇ ‘ಸೆಲ್ಫ್’ ಎನ್ನುತ್ತಾರೆ.

ಈ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅಷ್ಟನ್ನು ಕೀಲಿಯ ಪುಟ್ಟ ಸ್ವಿಚ್ಚು ತಾಳಲಾರದು. ಆದ್ದರಿಂದ ಕೀಲಿಯು ಸೊಲೆನಾಯ್ಡ್ ಎಂಬ ತಂತಿಸುರುಳಿಗೆ ಮಾತ್ರ ವಿದ್ಯುತ್ ಕಳಿಸುತ್ತದೆ. ಸುರುಳಿ ಕಾಂತವಾಗಿ ಒಂದು ಕಬ್ಬಿಣದ ದಂಡವನ್ನು ಸೆಳೆಯುತ್ತದೆ. ಆ ದಂಡವು ಮೋಟಾರಿನ ಹಲ್ಲುಚಕ್ರವನ್ನು ಎಂಜಿನ್ನಿನ ಫ್ಲೈವೀಲಿಗೆ ಕೂಡಿಸಿ, ಬ್ಯಾಟರಿಯ ದಪ್ಪ ಕೇಬಲ್ಲಿನ ವಿದ್ಯುತ್ತನ್ನು ಮೋಟಾರಿಗೆ ಬಿಡುತ್ತದೆ.

ಹಾಗಾದರೆ ಲಕ್ಷಣಗಳೇ ದಾರಿ ತೋರಿಸುತ್ತವೆ. ಎಂಜಿನ್ ಗರಗರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರ್ ಸರಿಯಿದೆ. ಪೆಟ್ರೋಲು, ಕಿಡಿ, ಅಥವಾ ಹೊಸ ಕಾರುಗಳಲ್ಲಾದರೆ ಎಂಜಿನ್ನಿನ ಸುತ್ತನ್ನು ಗುರುತಿಸುವ ಸೆನ್ಸರ್ ಕಡೆ ನೋಡಬೇಕು. ಕೀಲಿ ತಿರುಗಿಸಿದಾಗ ಲೈಟು ಮಂಕಾಗಿ ‘ಟಕಟಕ’ ಸದ್ದು ಬಂದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಲೈಟು ಪ್ರಖರವಾಗಿದ್ದು ಸದ್ದೇ ಇಲ್ಲದಿದ್ದರೆ ಕೀಲಿಯ ಆಜ್ಞೆ ಸೊಲೆನಾಯ್ಡನ್ನು ಸರಿಯಾಗಿ ತಲುಪಿಲ್ಲ, ಇಲ್ಲವೇ ಸೊಲೆನಾಯ್ಡೇ ಏಳುತ್ತಿಲ್ಲ. ನನ್ನ ಪುಸ್ತಕದಲ್ಲಿ ಪ್ರತಿ ಸಲವೂ ‘ಲೈಟು ಪ್ರಖರ, ಸದ್ದಿಲ್ಲ’ ಎಂದೇ ಇತ್ತು. ಹೋದ ವರ್ಷವೇ ಇದನ್ನು ಗಮನಿಸಿದ್ದರೆ ಬ್ಯಾಟರಿಯ ಹಣ ಉಳಿಯುತ್ತಿತ್ತು.

ಇನ್ನು ದೋಷವನ್ನು ಬೇಕೆಂದೇ ಬರಿಸಬೇಕು. ಕಾರನ್ನು ದಾವಣಗೆರೆಯವರೆಗೆ ಓಡಿಸಿ ತಂದು ಗ್ಯಾರೇಜಿನ ಮುಂದೆ ಹದಿನೈದು ನಿಮಿಷ ನಿಲ್ಲಿಸಿದೆವು. ಕೀಲಿ ತಿರುಗಿಸಿದೆ, ಸದ್ದಿಲ್ಲ. ನ್ಯೂಟ್ರಲ್ ಗೇರ್, ಹ್ಯಾಂಡ್ ಬ್ರೇಕ್ ಖಚಿತ ಮಾಡಿಕೊಂಡು ಮೆಕ್ಯಾನಿಕ್ ಮೀಟರ್ ಹಿಡಿದರು. ನಾನು ಕೀಲಿ ತಿರುಗಿಸಿ ಹಿಡಿದಾಗ ಬ್ಯಾಟರಿಯಲ್ಲಿ 12.2 ವೋಲ್ಟ್, ಸೊಲೆನಾಯ್ಡಿನ ಸಣ್ಣ ತಂತಿಯಲ್ಲಿ ಸುಮಾರು 8 ವೋಲ್ಟ್. ದಾರಿಯಲ್ಲೆಲ್ಲೋ 4 ವೋಲ್ಟ್ ಕಳೆದುಹೋಗುತ್ತಿತ್ತು.

ಎಲ್ಲಿ? ಅವರು ಒಂದು ತುದಿಯಿಂದ ಹುಡುಕುತ್ತ ಹೋಗಲಿಲ್ಲ. ದಾರಿಯ ನಡುವಿನ ಒಂದು ಜೋಡಣೆಯಲ್ಲಿ ಅಳೆದರು. ಅಲ್ಲಿಯವರೆಗೆ ಸರಿಯಿತ್ತು, ಅರ್ಧ ದಾರಿ ಬಿಟ್ಟುಹೋಯಿತು. ಉಳಿದರ್ಧದ ನಡುವೆ ಮತ್ತೆ ಅಳೆದರು. ಹೀಗೆ ಅರ್ಧಿಸುತ್ತ ಹೋದರೆ ಎಂಟು ಭಾಗಗಳಲ್ಲಿ ದೋಷದ ಭಾಗ ಮೂರೇ ಅಳತೆಗೆ ಸಿಗುತ್ತದೆ. ಬ್ಯಾಟರಿಯ ತಟ್ಟೆಯ ಕೆಳಗೆ ಒಂದು ಪ್ಲಾಸ್ಟಿಕ್ ಕನೆಕ್ಟರ್. ಬಿಚ್ಚಿದರೆ ಒಳಗೆ ಹಸಿರು ಕಿಲುಬು.

ಇಲ್ಲಿ ಓಮ್‌ನ ನಿಯಮವನ್ನು ಹಚ್ಚಿ ನೋಡಿ. ಸೊಲೆನಾಯ್ಡ್ ಸುಮಾರು 30 ಆಂಪಿಯರ್ ಎಳೆಯುವಾಗ 4 ವೋಲ್ಟ್ ಕಳೆಯಬೇಕಾದರೆ ಅಡ್ಡಿ ಎಷ್ಟಿರಬೇಕು? 4ನ್ನು 30ರಿಂದ ಭಾಗಿಸಿ: ಸುಮಾರು 0.13 ಓಮ್. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರ್ ನೇರವಾಗಿ ತೋರಿಸಲಾರದು. ಅದರ ತಂತಿಗಳ ರೋಧವೇ ಸುಮಾರು ಅಷ್ಟಿರುತ್ತದೆ. ಆದ್ದರಿಂದಲೇ ವಿದ್ಯುತ್ ಹರಿಯುವಾಗ, ಹೊರೆಯಿದ್ದಾಗಲೇ ವೋಲ್ಟೇಜನ್ನು ಅಳೆಯಬೇಕು.

ಕಿಲುಬು ಸದಾ ಇತ್ತು ತಾನೇ? ದೋಷವೇಕೆ ಆಗಾಗ ಮಾತ್ರ? ಎಂಜಿನ್ ನಿಂತೊಡನೆ ತಂಪು ನೀರಿನ ಹರಿವೂ ಎದುರುಗಾಳಿಯೂ ನಿಲ್ಲುತ್ತವೆ. ಎಂಜಿನ್ನಿನ ಕಾವು ಸುತ್ತಲಿನ ಭಾಗಗಳಿಗೆ ಹಬ್ಬಿ, ಸೊಲೆನಾಯ್ಡ್ ಓಡುವಾಗಿಗಿಂತ ನಿಂತ ಮೇಲೆ ಹೆಚ್ಚು ಬಿಸಿಯಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.4ರಷ್ಟು ಏರುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಹೆಚ್ಚಳ ಸುಮಾರು ಕಾಲು ಪಾಲು. ಆಗ ಹರಿಯುವ ವಿದ್ಯುತ್ ಇಳಿಯುತ್ತದೆ, ಕಾಂತದ ಸೆಳೆತವೂ ಕುಗ್ಗುತ್ತದೆ. ಕಿಲುಬೊಂದೇ ಆಗಿದ್ದರೆ ಕಾರು ಸಹಿಸುತ್ತಿತ್ತು. ಕಾವೊಂದೇ ಆಗಿದ್ದರೂ ಸಹಿಸುತ್ತಿತ್ತು. ಎರಡೂ ಕೂಡಿದಾಗ ದಂಡ ಏಳಲಿಲ್ಲ. ಆಗಾಗ ಬರುವ ಎಷ್ಟೋ ದೋಷಗಳ ಗುಟ್ಟು ಇದೇ: ಯಂತ್ರ ಅಂಚಿನಲ್ಲಿ ನಿಂತಿರುತ್ತದೆ, ಸಣ್ಣದೊಂದು ಸಂಗತಿ ಅದನ್ನು ಆಚೆಗೆ ತಳ್ಳುತ್ತದೆ. ನಾನು ‘ಕಾರಿಗೆ ಮನಸ್ಸು ಬಂದಾಗ’ ಎನ್ನುತ್ತಿದ್ದೆ; ಅದು ಪ್ರತಿ ಸಲವೂ ನಿಯಮದಂತೆಯೇ ನಡೆದುಕೊಂಡಿತ್ತು.

ಮೆಕ್ಯಾನಿಕ್ ಕನೆಕ್ಟರನ್ನು ಉಜ್ಜಿ ಬಿಗಿಯಾಗಿ ಕೂಡಿಸಿದರು. ಮತ್ತೆ ಅಳೆದಾಗ ಸೊಲೆನಾಯ್ಡಿಗೆ 11 ವೋಲ್ಟಿಗೂ ಹೆಚ್ಚು ಸಿಕ್ಕಿತು, ಎಂಜಿನ್ ಹೊರಟಿತು. “ಆಯ್ತಲ್ಲ!” ಎಂದೆ. “ಆಗಿಲ್ಲ ಮೇಷ್ಟ್ರೇ. ಬಿಸಿ ಮಾಡಿ, ಹದಿನೈದು ನಿಮಿಷ ನಿಲ್ಲಿಸಿ, ಹತ್ತು ಸಲ ನೋಡಿ. ಆಮೇಲೆ ಹೇಳಿ” ಎಂದರು. ಹತ್ತು ಸಲವೂ ಹೊರಟಿತು. ಬ್ಯಾಟರಿ ಬದಲಿಸಿದ ದಿನ ನಾನು ಮಾಡದೆ ಬಿಟ್ಟಿದ್ದ ಪರೀಕ್ಷೆಯೇ ಇದು.

ಮಿತ್ರರೇ, ನೀವೂ ಇದನ್ನು ಮನೆಯಲ್ಲಿ ಪರೀಕ್ಷಿಸಬಹುದು. ಕಾರಿನ ಬ್ಯಾಟರಿಯ ತಂಟೆಗೆ ಹೋಗಬೇಡಿ. ಅದರ ಎರಡು ಟರ್ಮಿನಲ್ಲುಗಳಿಗೆ ಲೋಹ ತಾಗಿದರೆ ಕಿಡಿ ಹಾರಿ ಸುಟ್ಟೀತು. ಒಂದು ಹಳೆಯ ಟಾರ್ಚ್ ಸೆಲ್, ಒಂದು ಪುಟ್ಟ ಬಲ್ಬು, ಶಾಲೆಯ ವೋಲ್ಟ್‌ಮೀಟರ್ ಸಾಕು. ಬಲ್ಬಿಲ್ಲದೆ ಅಳೆಯಿರಿ, ಬಲ್ಬು ಉರಿಯುವಾಗ ಅಳೆಯಿರಿ. ಎರಡು ಅಂಕಿಗಳನ್ನೂ ಬರೆದಿಡಿ. ವ್ಯತ್ಯಾಸ ಏಕೆಂದು ನಿಮ್ಮ ಉಪಾಧ್ಯಾಯರೊಡನೆ ಚರ್ಚಿಸಿ.

ಆ ಬಳಿಕ ಔಷಧಿ ಅಂಗಡಿಯ ಮುಂದೆ ಅಮ್ಮ ಕಾಯಬೇಕಾಗಿ ಬರಲಿಲ್ಲ. ಅದಕ್ಕೆ ತಗುಲಿದ ಖರ್ಚು ಒಂದು ಚೂರು ಉಪ್ಪುಕಾಗದ, ಮೂರು ವಾರದ ಬರವಣಿಗೆ.